ಹೆಳವನ ಹೊತ್ತಿಗೆ

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂಥ ಊರಲ್ಲಿ ಒಕ್ಕಲು ಮನೆಯವರ ಮೂಲ ಹುಡುಕಲು ಹೊರಟರೆ ಮೊದಲು ಕೈಗೆ ಸಿಗುವ ಎಳೆ ಮನೆದೇವರು. ದೇವರು ಇನ್ನೊಂದು ಸೀಮೆಯಲ್ಲಿದ್ದರೆ ವಂಶವೂ ಅಲ್ಲಿಂದಲೇ ಎದ್ದು ಬಂದಿರಬೇಕು ಅನ್ನುವ ಊಹೆ. ಅದರಾಚೆಗೆ ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವನೇ ಗತಿ.

ಎತ್ತಿನ ಬೆನ್ನಿಗೆ ಕಂಬಳಿ ಹೊದಿಸಿ, ಗಂಟೆ ಬಾರಿಸುತ್ತ ಸುಗ್ಗಿ ಮುಗಿದ ಮೇಲೆ ಬರುವವನು ಅವನು. ಜಗಲಿಯಲ್ಲಿ ಕೂತು, ಬಟ್ಟೆಗಂಟಿನಿಂದ ಹೊತ್ತಿಗೆ ತೆಗೆದು, ಮೂಲಪುರುಷ ಯಾವ ಊರು ಬಿಟ್ಟ, ಎಲ್ಲಿ ತಂಗಿದ, ಅಣ್ಣತಮ್ಮಂದಿರು ಎಲ್ಲೆಲ್ಲಿ ಕವಲೊಡೆದರು ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ಕಳೆದ ಸಲದ ನಂತರ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಳ್ಳುತ್ತಾನೆ. ಮೊರದ ತುಂಬ ಕಾಳು, ಮೇಲೊಂದಿಷ್ಟು ದುಡ್ಡು. ಕಾಳು ಹೆಚ್ಚಾದರೆ ಮುತ್ತಾತನ ಶೌರ್ಯವೂ ಕೊಂಚ ಹೆಚ್ಚುವುದುಂಟು. ಜರಡಿ ಹಿಡಿದೇ ಕೇಳಬೇಕು. ಹೆಣ್ಣುಮಕ್ಕಳ ಹೆಸರಿನ ವಿಷಯದಲ್ಲಂತೂ ಅವನು ಜಿಪುಣ.

ಆದರೂ ಪಹಣಿಗಿಂತ ಈ ಹೊತ್ತಿಗೆಯೇ ನನಗೆ ಮೇಲು. ಧಾತು-ಈಶ್ವರ ಬರವನ್ನೇ ನೋಡಿ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1876–78ರ ಆ ಬರ ಕಳೆದು 1881ರ ಗಣತಿಯ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಗುಳೆ ಎದ್ದು ಉಳಿದವರನ್ನು ಯಾವ ದಫ್ತರದಲ್ಲಿ ಹುಡುಕುವುದು? ಸರ್ಕಾರಿ ಕಡತ ಜಮೀನಿನ ಬೆನ್ನು ಹತ್ತುತ್ತದೆ, ಜಮೀನು ಬಿಟ್ಟವನು ಅಲ್ಲಿ ಮಾಯ. ಹೆಳವ ಮನುಷ್ಯನ ಬೆನ್ನು ಹತ್ತಿದವನು, ಹೊಸ ಊರಿಗೂ ಬಂದು ಬಾಗಿಲು ತಟ್ಟುತ್ತಾನೆ.

ಹೆಳವರಲ್ಲೂ ಪಾಲಾಗುತ್ತದೆ: ಅಣ್ಣನಿಗಿಷ್ಟು ಊರು, ತಮ್ಮನಿಗಿಷ್ಟು. ಬೇರು ಹುಡುಕುವವರು ತಮ್ಮ ಮನೆತನ ಯಾರ ಪಾಲಿಗೆ ಹೋಗಿದೆಯೆಂದು ಮೊದಲು ವಿಚಾರಿಸಿಕೊಳ್ಳಬೇಕು.