ಬುತ್ತಿ ಸುತ್ತಿದ ಪತ್ರಿಕೆಗೆ ಕಾಸು ಕೊಟ್ಟವರು ಯಾರು?

ಮಿತವ್ಯಯದ ಪಾಠ ಹೇಳುವವರ ಕತ್ತರಿ ಮೊದಲು ಬೀಳುವುದು ಪತ್ರಿಕೆಯ ಚಂದಾದ ಮೇಲೆ. ಭಾನುವಾರದ ಹೋಟೆಲ್ ಊಟ ಬಿಡಿ ಎನ್ನುವಾಗ ಅವರ ದನಿ ತುಸು ತಗ್ಗುತ್ತದೆ. ಪೇಪರ್ ನಿಲ್ಲಿಸಿ ಎನ್ನುವಾಗ ಆ ಸಂಕೋಚವೂ ಇರುವುದಿಲ್ಲ. ಸುದ್ದಿ ಹೇಗೂ ಮೊಬೈಲಿಗೆ ಬಿಟ್ಟಿ ಬರುತ್ತದಲ್ಲ! ಈ ಸಲಹೆಗೆ ಒಂದಿಷ್ಟು ತತ್ವಜ್ಞಾನದ ಒಗ್ಗರಣೆ ಬೇಕೆನಿಸಿದಾಗ ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋನನ್ನು ಕರೆತರುತ್ತಾರೆ. ಸರಳ ಬದುಕಿನ ಆದಿಗುರುವೇ ಪತ್ರಿಕೆ ಓದಬೇಡ ಎಂದಿದ್ದಾನೆ, ಇನ್ನು ನಮ್ಮದೇನು ಎಂಬ ಧಾಟಿ.

ಥೋರೋ ಯಾರು, ವಾಲ್ಡನ್ ಕೊಳದ ದಂಡೆಯಲ್ಲಿ ಎರಡು ವರ್ಷ ಎರಡು ತಿಂಗಳು ಯಾಕೆ ಇದ್ದ ಎಂಬುದನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ನನ್ನ ತಕರಾರು ‘ವಾಲ್ಡನ್’ ಪುಸ್ತಕದ ಎರಡನೆಯ ಅಧ್ಯಾಯದ ಒಂದೆರಡು ಪುಟಗಳಿಗೆ ಸಿಕ್ಕಿರುವ ಮರ್ಯಾದೆಯ ಬಗ್ಗೆ. ಅಲ್ಲಿ ಅವನು ಪತ್ರಿಕೆಗಳ ಮೇಲೆ ಹರಿಹಾಯುತ್ತಾನೆ. ಒಂದು ದರೋಡೆ, ಒಂದು ಮನೆಗೆ ಬಿದ್ದ ಬೆಂಕಿ, ರೈಲಿಗೆ ಸಿಕ್ಕ ಒಂದು ಹಸು, ಇಷ್ಟನ್ನು ಒಮ್ಮೆ ಓದಿದರೆ ಮುಗಿಯಿತು, ತತ್ವ ತಿಳಿದವನಿಗೆ ಸಾವಿರ ಉದಾಹರಣೆ ಯಾಕೆ ಎಂಬುದು ಅವನ ವಾದದ ಸಾರ. ಮಾತು ಸುಳ್ಳಲ್ಲ. ನಮ್ಮ ಜಿಲ್ಲಾ ಪುಟಗಳನ್ನು ಒಂದು ವಾರ ಬಿಟ್ಟು ಓದಿದರೂ ಏನೂ ತಪ್ಪಿಹೋದಂತೆ ಅನ್ನಿಸುವುದಿಲ್ಲ ಎಂಬುದನ್ನು ಯಾರೇ ಆದರೂ ಒಪ್ಪಬೇಕು. ಸುದ್ದಿ ಬಿಟ್ಟರೆ ಸುಖ ಎಂದು 2010ರಲ್ಲಿ ಪ್ರಬಂಧ ಬರೆದ ಸ್ವಿಸ್ ಲೇಖಕ ರಾಲ್ಫ್ ಡೊಬೆಲ್ಲಿಯಿಂದ ಹಿಡಿದು ಇವತ್ತಿನ ಉಳಿತಾಯ ಸಲಹೆಗಾರರವರೆಗೆ ಎಲ್ಲರೂ ನಡೆಯುತ್ತಿರುವುದು ಥೋರೋ ಸವೆಸಿದ ದಾರಿಯಲ್ಲೇ. ಡೊಬೆಲ್ಲಿಯ ಆ ಬರಹದ ಸಂಗ್ರಹರೂಪವನ್ನು 2013ರಲ್ಲಿ ಪ್ರಕಟಿಸಿ ಪ್ರಪಂಚಕ್ಕೆಲ್ಲ ಹಂಚಿದ್ದು ‘ಗಾರ್ಡಿಯನ್’ ಎಂಬ ದಿನಪತ್ರಿಕೆ. ಪತ್ರಿಕೆ ಓದಬೇಡಿ ಎಂದು ತಿಳಿಸಲಿಕ್ಕೂ ಪತ್ರಿಕೆಯೇ ಬೇಕಾಯಿತು.

ಆ ಪುಟಗಳನ್ನು ಸ್ವಲ್ಪ ನಿಧಾನವಾಗಿ ಓದೋಣ. ಪರದೇಶದ ಸುದ್ದಿ ಎಂಥ ಪೊಳ್ಳು ಎಂದು ತೋರಿಸಲು ಥೋರೋ ಸ್ಪೇನಿನ ಉದಾಹರಣೆ ಎತ್ತಿಕೊಳ್ಳುತ್ತಾನೆ. ಡಾನ್ ಕಾರ್ಲೋಸ್, ರಾಜಕುಮಾರಿ, ಡಾನ್ ಪೆಡ್ರೋ, ಸೆವಿಲ್, ಗ್ರನಾಡಾ, ಈ ಹೆಸರುಗಳನ್ನು ಹದವಾಗಿ ಬೆರೆಸಿ, ಮತ್ತೇನೂ ಸಿಗದಿದ್ದರೆ ಒಂದು ಗೂಳಿ ಕಾಳಗ ಸೇರಿಸಿಬಿಟ್ಟರೆ ಸ್ಪೇನಿನ ವರದಿ ಸಿದ್ಧ, ಅದು ನಿಜವೂ ಆಗಿರುತ್ತದೆ ಎಂದು ನಗುತ್ತಾನೆ. ತಮಾಷೆ ಸೊಗಸಾಗಿದೆ. ಅದರ ನಡುವೆ ಒಂದು ಪುಟ್ಟ ಮಾತು ನುಸುಳಿಕೊಂಡಿದೆ: ತಾನು ಪತ್ರಿಕೆ ನೋಡಿದ ಮೇಲೆ ಹೆಸರುಗಳು ಒಂಚೂರು ಬದಲಾಗಿದ್ದರೂ ಇರಬಹುದು ಎನ್ನುತ್ತಾನೆ. ಸಿಕ್ಕಿಬಿದ್ದ! ಸ್ಪೇನಿನ ಸಿಂಹಾಸನಕ್ಕೆ ಹೊಡೆದಾಡಿದ ಡಾನ್ ಕಾರ್ಲೋಸನ ಹೆಸರು ತನ್ನೂರು ಕಾಂಕರ್ಡಿನ ಕಾಡಿನಲ್ಲಿ ಅವರೆ ಬಿತ್ತುತ್ತಿದ್ದವನಿಗೆ ತಿಳಿದದ್ದು ಹೇಗೆ? ಪತ್ರಿಕೆಯ ವಿಡಂಬನೆ ಕೂಡ ಪತ್ರಿಕೆಯ ಓದುಗನಿಂದ ಮಾತ್ರ ಸಾಧ್ಯ. ವಿಡಂಬನೆ ಇಷ್ಟು ಕರಾರುವಾಕ್ಕಾಗಿದ್ದರೆ ಓದುಗ ಸಾಧಾರಣದವನೂ ಅಲ್ಲ.

ಇನ್ನೂ ಹಿಂದಕ್ಕೆ, ಮೊದಲ ಅಧ್ಯಾಯಕ್ಕೆ ಹೋಗಿ. ಅಲ್ಲಿ ಮನೆ ಕಟ್ಟಲು ಪೈನ್ ಮರ ಕಡಿಯುತ್ತಿರುವ ಥೋರೋ ಸಿಗುತ್ತಾನೆ. ಮಧ್ಯಾಹ್ನ ಕಡಿದ ಹಸಿರು ಕೊಂಬೆಗಳ ನಡುವೆ ಕುಳಿತು ಬ್ರೆಡ್ಡು ಬೆಣ್ಣೆಯ ಬುತ್ತಿ ಬಿಚ್ಚುತ್ತಾನೆ, ಆ ಬುತ್ತಿ ಸುತ್ತಿದ್ದ ಪತ್ರಿಕೆಯನ್ನು ಓದುತ್ತಾನೆ. ಕಡಲೆಕಾಯಿ ತಿಂದು ಮುಗಿಸಿ ಪೊಟ್ಟಣದ ಕಾಗದ ಬಿಡಿಸಿ ಓದಿದ ಕನ್ನಡಿಗರಿಗೆ ಈ ದೃಶ್ಯ ಹೊಸದಲ್ಲ. ಇಡೀ ‘ವಾಲ್ಡನ್’ನಲ್ಲಿ ನನಗೆ ಬಹಳ ಪ್ರಿಯವಾದ ವಾಕ್ಯ ಅದು, ಬಹಳ ಅನುಮಾನ ಹುಟ್ಟಿಸುವ ವಾಕ್ಯವೂ ಅದೇ. ಯಾಕೆಂದರೆ ಈ ಅಧ್ಯಾಯ ಪೂರ್ತಿ ಲೆಕ್ಕದ ಅಧ್ಯಾಯ. ಮೊಳೆಗೆ 3 ಡಾಲರ್ 90 ಸೆಂಟ್, ಚಿಲಕಕ್ಕೆ 10 ಸೆಂಟ್, ಸೀಮೆಸುಣ್ಣಕ್ಕೆ 1 ಸೆಂಟ್. ಮನೆಗೆ ತಗುಲಿದ್ದು ಒಟ್ಟು 28 ಡಾಲರ್ ಹನ್ನೆರಡೂವರೆ ಸೆಂಟ್. ಬೇಸಾಯ, ಊಟ, ಬಟ್ಟೆ, ದೀಪದೆಣ್ಣೆ ಸೇರಿಸಿ 61 ಡಾಲರ್ ತೊಂಬತ್ತೊಂಬತ್ತು ಮುಕ್ಕಾಲು ಸೆಂಟ್. ಒಂದು ಸೆಂಟಿನ ಸೀಮೆಸುಣ್ಣವನ್ನು ಬಿಡದ ಈ ಲೆಕ್ಕಿಗನ ಪಟ್ಟಿಯಲ್ಲಿ ಪತ್ರಿಕೆಯ ಬಾಬ್ತು ಇಲ್ಲ. ಓದಿದ್ದು ಮಾತ್ರ ಇದೆ.

ಆ ಹಾಳೆಗೆ ದುಡ್ಡು ಕೊಟ್ಟವರು ಯಾರೋ ಇದ್ದಾರೆ. ಅಪ್ಪನ ಮನೆಯವರೋ, ನೆರೆಯವರೋ, ಊರಿನ ಅಂಗಡಿಯವನೋ. ಅವರ ಚಂದಾ ಇದ್ದದ್ದಕ್ಕೆ ಇವನ ಮಿತವ್ಯಯ ನಡೆಯಿತು.

ಇಲ್ಲಿ ವಿಮರ್ಶಕರೊಂದಿಗೆ ಸ್ವಲ್ಪ ಜಗಳ ಕಾಯಲೇಬೇಕು. ಥೋರೋನ ಸ್ವಾವಲಂಬನೆ ಬೂಟಾಟಿಕೆ ಎಂದು ಕ್ಯಾಥರಿನ್ ಶುಲ್ಜ್ 2015ರಲ್ಲಿ ‘ನ್ಯೂಯಾರ್ಕರ್’ನಲ್ಲಿ ಬರೆದ ಲೇಖನ ದೊಡ್ಡ ಗದ್ದಲ ಎಬ್ಬಿಸಿತು. ಅದಕ್ಕೆ ಎರಡು ವರ್ಷ ಮೊದಲೇ ರೆಬೆಕ್ಕಾ ಸೋಲ್ನಿಟ್ ಥೋರೋನ ಬಟ್ಟೆ ಒಗೆಯುತ್ತಿದ್ದವರು ಯಾರು ಎಂಬ ಹಳೆಯ ಆರೋಪವನ್ನು ಎತ್ತಿಕೊಂಡು ಅವನ ಪರ ವಾದಿಸಿದ್ದರು. ಅವನ ತಾಯಿ, ಅಕ್ಕತಂಗಿಯರು ಗುಲಾಮಗಿರಿಯ ವಿರುದ್ಧ ಹೋರಾಡಿದವರು, ಆ ಮನೆಯೇ ಚಳವಳಿಯ ಮನೆಯಾಗಿತ್ತು, ಒಗೆತದ ಲೆಕ್ಕ ಹಿಡಿದು ಅವನನ್ನು ಅಳೆಯುವುದು ಸಣ್ಣತನ ಎಂಬುದು ಅವರ ನಿಲುವು. ಸೋಲ್ನಿಟ್ ಪಕ್ಷ ನನಗೆ ಹೆಚ್ಚು ಹಿಡಿಸುತ್ತದೆ. ಆದರೆ ಇಬ್ಬರೂ ಕೊಳೆ ಬಟ್ಟೆಯ ಗಂಟನ್ನು ಆಚೀಚೆ ಎಳೆದಾಡುವ ಹೊತ್ತಿಗೆ ಬುತ್ತಿಯ ಗಂಟು ಪಕ್ಕದಲ್ಲೇ ಬಿಚ್ಚದೆ ಉಳಿಯಿತು. ಒಗೆತ ಮನೆಯೊಳಗಿನ ಋಣ. ಅದು ತಾಯಿ ಮಗನ ನಡುವೆ ತೀರುವಂಥದು. ಪತ್ರಿಕೆಯ ಋಣ ಹಾಗಲ್ಲ. ಅದು ಊರಿನದು, ಗುರುತಿಲ್ಲದ ಸಾವಿರಾರು ಜನ ತಲಾ ಒಂದಿಷ್ಟು ಹಾಕಿದ ದುಡ್ಡು. ಥೋರೋ ಬದುಕಿನುದ್ದಕ್ಕೂ ಆ ದುಡ್ಡಿನ ನೆರಳಿನಲ್ಲೇ ಇದ್ದ. ‘ನ್ಯೂಯಾರ್ಕ್ ಟ್ರಿಬ್ಯೂನ್’ನ ಸಂಪಾದಕ ಹೊರೇಸ್ ಗ್ರೀಲಿ ಅವನ ಲೇಖನಗಳನ್ನು ಮ್ಯಾಗಜೀನುಗಳಿಗೆ ಮಾರಿಕೊಟ್ಟ. ಕಾರ್ಲೈಲ್ ಬಗೆಗಿನ ಪ್ರಬಂಧಕ್ಕೆ ‘ಗ್ರಹಾಮ್ಸ್ ಮ್ಯಾಗಜೀನ್’ ಸತಾಯಿಸಿದಾಗ ಬೆನ್ನುಬಿದ್ದು ಹಣ ವಸೂಲಿ ಮಾಡಿಕೊಟ್ಟವನೂ ಅವನೇ. ಚಂದಾದಾರರಿಲ್ಲದೆ ಈ ಯಾವುದೂ ನಡೆಯುವಂತಿರಲಿಲ್ಲ. ಈ ಎಳೆಯನ್ನು ಶುಲ್ಜ್ ಹಿಡಿದಿದ್ದರೆ ಅವರ ಆರೋಪಕ್ಕೆ ಹಲ್ಲು ಬರುತ್ತಿತ್ತು.

ಆದರೆ ಥೋರೋನನ್ನು ಅವನ ಹಿಂಬಾಲಕರಿಂದ ಬಿಡಿಸಿಕೊಳ್ಳಲು ಬೇಕಾದ ಸಾಕ್ಷ್ಯ ಅದೇ ಪುಸ್ತಕದಲ್ಲಿದೆ. ಮೂರನೆಯ ಅಧ್ಯಾಯ ಓದಿನ ಬಗ್ಗೆ. ಪತ್ರಿಕೆ ಓದುವುದೇ ಆದರೆ ಬಾಸ್ಟನ್ನಿನ ಹರಟೆ ಬಿಟ್ಟು ಪ್ರಪಂಚದಲ್ಲಿ ಅತ್ಯುತ್ತಮವಾದ ಪತ್ರಿಕೆಯನ್ನೇ ನೇರವಾಗಿ ತರಿಸಬಾರದೇಕೆ ಎಂದು ಅಲ್ಲಿ ಕೇಳುತ್ತಾನೆ. ಯಾರ ಮನಸ್ಸನ್ನೂ ನೋಯಿಸದ, ಯಾವ ಪಕ್ಷವನ್ನೂ ಹಿಡಿಯದ ‘ಮನೆಮಂದಿಯ’ ಪತ್ರಿಕೆಗಳನ್ನು ಗೇಲಿ ಮಾಡುತ್ತಾನೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಊರಿಗೆ ಸಭಾಭವನ ಕಟ್ಟಲು ಹಣವಿದೆ, ಬುದ್ಧಿಗೆ ಖರ್ಚು ಮಾಡಲು ಇಲ್ಲವೇ ಎಂದು ಕಾಂಕರ್ಡಿನ ಜನರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಚಳಿಗಾಲದ ಉಪನ್ಯಾಸಮಾಲೆಗೆ ಊರು ವಂತಿಗೆ ಎತ್ತುವ 125 ಡಾಲರ್ ಬೇರೆ ಯಾವ ಖರ್ಚಿಗಿಂತಲೂ ಸಾರ್ಥಕ ಎನ್ನುತ್ತಾನೆ. ಊಟದ ಸೆಂಟು ಎಣಿಸಿದವನು ಓದಿನ ಮಾತು ಬಂದ ಕೂಡಲೇ ಊರಿನ ಖಜಾನೆ ತೆಗೆಸುತ್ತಾನೆ! ಮುಂದೆ ‘ಹಳ್ಳಿ’ ಎಂಬ ಅಧ್ಯಾಯದಲ್ಲಿ ಒಂದೆರಡು ದಿನಕ್ಕೊಮ್ಮೆ ಊರಿಗೆ ನಡೆದು ಹೋಗಿ ಹರಟೆಯನ್ನೂ ಪತ್ರಿಕೆ ಸುದ್ದಿಯನ್ನೂ ಹೋಮಿಯೋಪಥಿ ಗುಳಿಗೆಯ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದೆ, ಹಿತವಾಗಿತ್ತು ಎಂದು ಬರೆಯುತ್ತಾನೆ. ಎರಡನೆಯ ಅಧ್ಯಾಯವನ್ನು ಬಾಯಿಪಾಠ ಮಾಡಿದವರು ಪುಟ ತಿರುವಿದ್ದರೆ ಸಾಕಿತ್ತು.

‘ವಾಲ್ಡನ್’ ಪ್ರಕಟವಾದದ್ದು 1854ರ ಆಗಸ್ಟ್‌ನಲ್ಲಿ. ಅದೇ ವರ್ಷದ ಜುಲೈ 4ರಂದು ಫ್ರೇಮಿಂಗ್‌ಹ್ಯಾಮ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಗುಲಾಮಗಿರಿಯ ಬಗ್ಗೆ ಮಾಡಿದ ಭಾಷಣದಲ್ಲಿ ಥೋರೋ ಬಾಸ್ಟನ್ನಿನ ಪತ್ರಿಕೆಗಳನ್ನು ಹಿಗ್ಗಾಮುಗ್ಗಾ ಬಯ್ದ. ಎರಡನ್ನು ಹೆಸರಿಸಿ ಮೆಚ್ಚಿಕೊಂಡ. ಅವುಗಳಲ್ಲಿ ಒಂದು ಗುಲಾಮಗಿರಿಯ ವಿರೋಧಿ ಗ್ಯಾರಿಸನ್ ನಡೆಸುತ್ತಿದ್ದ ‘ಲಿಬರೇಟರ್’. 1831ರಲ್ಲಿ ಶುರುವಾದ ಆ ವಾರಪತ್ರಿಕೆಯ ಆರಂಭದ ವರ್ಷಗಳ ಚಂದಾದಾರರಲ್ಲಿ ಬಹುಪಾಲು ಮಂದಿ ಸ್ವತಂತ್ರ ಕಪ್ಪು ಜನ. ಅವರಲ್ಲಿ ದುಡ್ಡಿದ್ದವರು ಕಡಿಮೆ, ಕೂಲಿನಾಲಿ ಮಾಡುವವರೇ ಹೆಚ್ಚು. ಚಂದಾ ಬಡವರ ಬದುಕಿಗೆ ಹೊಂದುತ್ತದೆಯೇ ಎಂದು ಚರ್ಚಿಸುವವರು ಈ ಪಟ್ಟಿಯಿಂದ ಶುರುಮಾಡುವುದು ಒಳ್ಳೆಯದು.

ಥೋರೋನನ್ನು ತಮ್ಮ ‘ಇಂಡಿಯನ್ ಒಪಿನಿಯನ್’ನಲ್ಲಿ 1907ರಲ್ಲಿ ಪರಿಚಯಿಸಿದ ಗಾಂಧಿಯೂ ಈ ವಿಷಯದಲ್ಲಿ ಅವನ ಮೂರನೆಯ ಅಧ್ಯಾಯದ ಕಡೆಯವರೇ. ಪೆನ್ಸಿಲ್ ತುಂಡನ್ನೂ ಬಿಸಾಡದ ಮನುಷ್ಯ ಆ ಪತ್ರಿಕೆಗೆ ತಮ್ಮ ಉಳಿತಾಯವನ್ನೆಲ್ಲ ಸುರಿದರು; ತಿಂಗಳಿಗೆ 75 ಪೌಂಡ್ ಕಳಿಸುತ್ತಿದ್ದ ಕಾಲವೂ ಇತ್ತು ಎಂದು ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಮುಂದೆ ಜಾಹೀರಾತನ್ನು ಪೂರ್ತಿ ಕೈಬಿಟ್ಟರು. ಓದುಗರು ದುಡ್ಡು ಕೊಟ್ಟು ಉಳಿಸಿಕೊಂಡರೆ ಉಳಿಯಲಿ ಎಂಬ ಹಟ. ನಮ್ಮಲ್ಲಿ 1980ರಲ್ಲಿ ಲಂಕೇಶರು ಜಾಹೀರಾತಿಲ್ಲದ ವಾರಪತ್ರಿಕೆ ತಂದಾಗ ಅದನ್ನು ಕೊಂಡು ಓದಿದವರು ಯಾರೆಂಬುದು ಆ ಕಾಲದ ಬಸ್‌ ಸ್ಟ್ಯಾಂಡುಗಳನ್ನು ಕಂಡವರಿಗೆ ಗೊತ್ತು. ವಿದ್ಯಾರ್ಥಿಗಳು, ಗುಮಾಸ್ತರು, ಮೇಷ್ಟ್ರುಗಳು. ಸಂಬಳದ ಕೊನೆಯ ವಾರದಲ್ಲೂ ಅದಕ್ಕೆ ಚಿಲ್ಲರೆ ಹೊಂದಿಸಿದವರು ದುಂದುಗಾರರಾಗಿರಲಿಲ್ಲ.

ಹಾಗೆಂದು ಎಲ್ಲ ಚಂದಾವೂ ಪುಣ್ಯಕಾರ್ಯ, ಪ್ರಜಾಪ್ರಭುತ್ವಕ್ಕೆ ಸಲ್ಲಿಸುವ ಕಾಣಿಕೆ ಎಂದು ಸಾರುವ ಮಾಧ್ಯಮಪಂಡಿತರ ಮಾತನ್ನೂ ನಾನು ಒಪ್ಪಲಾರೆ. ದೊಡ್ಡ ದಿನಪತ್ರಿಕೆಯ ಮುಖಬೆಲೆಯಲ್ಲಿ ಅದರ ಖರ್ಚು ಹುಟ್ಟುವುದಿಲ್ಲ, ಮಿಕ್ಕದ್ದನ್ನು ಜಾಹೀರಾತುದಾರ ತುಂಬುತ್ತಾನೆ. ತಾವು ಇರುವುದು ಪತ್ರಿಕೆಯ ವ್ಯಾಪಾರದಲ್ಲಲ್ಲ, ಜಾಹೀರಾತಿನ ವ್ಯಾಪಾರದಲ್ಲಿ ಎಂದು ‘ಟೈಮ್ಸ್’ ಸಮೂಹದ ವಿನೀತ್ ಜೈನ್ 2012ರಲ್ಲಿ ‘ನ್ಯೂಯಾರ್ಕರ್’ಗೆ ನಿಸ್ಸಂಕೋಚವಾಗಿಯೇ ಹೇಳಿದ್ದರು. ಅಂಥ ಪತ್ರಿಕೆಯನ್ನು ತರಿಸುವುದು ಅಗ್ಗದ ಅನುಕೂಲ, ಅದರಲ್ಲಿ ತ್ಯಾಗವೇನೂ ಇಲ್ಲ. ತಿಂಗಳ ಕೊನೆಗೆ ರದ್ದಿಯವನು ಒಂದಿಷ್ಟು ವಾಪಸು ಕೊಡುತ್ತಾನೆ ಬೇರೆ. ಡಿಜಿಟಲ್ ಚಂದಾದ ಕತೆ ಇನ್ನೊಂದು. ಅಚ್ಚಾದ ಪತ್ರಿಕೆಗೆ ಜಿಎಸ್‌ಟಿ ಇಲ್ಲ, ಅದೇ ಸುದ್ದಿಯನ್ನು ಪರದೆಯ ಮೇಲೆ ಓದಿದರೆ ಶೇ 18. ಮೊದಲ ವರ್ಷ ಪುಕ್ಕಟೆಯಂತೆ ಕಾಣುವ ದರ, ಎರಡನೆಯ ವರ್ಷ ಸದ್ದಿಲ್ಲದೆ ಖಾತೆಯಿಂದ ಜಾರುವ ಮೊತ್ತ, ಸೇರುವ ಬಾಗಿಲು ಮುಂಭಾಗದಲ್ಲಿ, ಹೊರಬರುವ ಬಾಗಿಲು ಹುಡುಕಿದರೂ ಸಿಗದ ಕಡೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಪಟ್ಟಿಮಾಡಿದ 13 ಮೋಸದ ವಿನ್ಯಾಸಗಳಲ್ಲಿ ಚಂದಾ ಬಲೆಯೂ ಒಂದು ಎಂಬುದೇ ಸಾಕು. ಓದದ ಪತ್ರಿಕೆ ಮನೆಯ ಮೂಲೆಯಲ್ಲಿ ರಾಶಿ ಬಿದ್ದರೆ ಕಣ್ಣಿಗೆ ಚುಚ್ಚುತ್ತದೆ. ಓದದ ಡಿಜಿಟಲ್ ಚಂದಾ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಮಾತ್ರ ಕಾಣುತ್ತದೆ.

ಇನ್ನು ಬಿಟ್ಟಿ ಓದು. ಬೆಳಗಾಗುತ್ತಿದ್ದಂತೆ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಿಗೆ ಪೂರ್ತಿ ಪತ್ರಿಕೆಯ ಪಿಡಿಎಫ್ ಬಂದು ಬೀಳುತ್ತದೆ. ‘ದೈನಿಕ್ ಜಾಗರಣ್’ ಇದರ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಗಿ 2020ರ ಮೇ ತಿಂಗಳಲ್ಲಿ ಟೆಲಿಗ್ರಾಂ ವಿರುದ್ಧ ಆದೇಶ ತಂದಿತು, ರೂಢಿ ನಿಂತಿಲ್ಲ. ಇದನ್ನು ಜಾಣತನ ಎಂದುಕೊಂಡಿರುವ ಮಿತವ್ಯಯಿಗಳಿಗೆ ಹೇಳುವುದಿಷ್ಟೆ: ಇದಕ್ಕೆ ಜುಗ್ಗತನ ಎನ್ನುತ್ತಾರೆ. ಬುತ್ತಿಯ ಹಾಳೆಯನ್ನು ಓದಿದ ಥೋರೋ ಕನಿಷ್ಠ ಯಾರದೋ ಕಾಸಿಗೆ ಬಂದ ಪ್ರತಿಯನ್ನು ಎರಡನೆಯ ಸಲ ಬಳಸಿದ. ಇವರದು ಅದೂ ಅಲ್ಲ.

ನನ್ನ ತೀರ್ಮಾನ ಥೋರೋನ ಮೂರನೆಯ ಅಧ್ಯಾಯದ್ದೇ. ಮನೆಗೆ ಮೂರು ದಿನಪತ್ರಿಕೆ, ಐದು ಆ್ಯಪು ಬೇಡ. ಜಾಹೀರಾತಿನ ಹಂಗು ಕಡಿಮೆ ಇರುವ, ನೀವು ನಿಜವಾಗಿ ಓದುವ ಒಂದು ನಿಯತಕಾಲಿಕಕ್ಕೆ, ಕನ್ನಡದ್ದಾದರೆ ಇನ್ನೂ ಸಂತೋಷ, ಪೂರ್ತಿ ಬೆಲೆ ಕೊಟ್ಟು ಚಂದಾದಾರರಾಗಿ. ಓದಿದ ಮೇಲೆ ಪಕ್ಕದ ಮನೆಗೆ ಕೊಡಿ. ಮಿಕ್ಕದ್ದನ್ನೆಲ್ಲ ಊರಿನ ಗ್ರಂಥಾಲಯದಲ್ಲಿ ಓದಿ, ಅದಕ್ಕೆ ನೀವು ದುಡ್ಡು ಕಟ್ಟಿಯಾಗಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಥೋರೋ ಕಾಂಕರ್ಡಿನವರನ್ನು ಕೇಳಿದ್ದು ಇದನ್ನೇ, ನಮ್ಮಲ್ಲಿ ಅದು ಕಾನೂನಾಗಿ ಅರವತ್ತು ವರ್ಷ ಕಳೆದಿದೆ. ವಸೂಲಾದ ಈ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ಸರಿಯಾಗಿ ದಾಟಿಸುವುದಿಲ್ಲ ಎಂಬ ದೂರು ಹಳೆಯದು. ಈ ಸಲ ತೆರಿಗೆ ಕಟ್ಟಿದ ರಸೀದಿಯಲ್ಲಿ ಆ ಸಾಲು ಹುಡುಕಿ. ನಿಮ್ಮ ವಾರ್ಡಿನ ಅಥವಾ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ ಯಾವ ಯಾವ ಪತ್ರಿಕೆ ತರಿಸುತ್ತಿದ್ದಾರೆ ಎಂದು ಕೇಳಿ, ಬೇಕಾದದ್ದು ಇಲ್ಲದಿದ್ದರೆ ತರಿಸಿ ಎಂದು ಬರೆದು ಕೊಡಿ.