ಕ್ಷಯರೋಗಿಯ ಎಚ್‌ಐವಿ ಪರೀಕ್ಷೆ: ಗೊತ್ತಾದ ಮೇಲೆ ಏನು?

ಕ್ಷಯಕ್ಕೆ ಮಾತ್ರೆ ತೆಗೆದುಕೊಳ್ಳಲು ಬಂದವರಿಗೆ ಎಚ್‌ಐವಿ ಪರೀಕ್ಷೆಯನ್ನೂ ಮಾಡಬೇಕೇ ಎಂಬುದು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ದೇಶದಲ್ಲಿ ಇತ್ಯರ್ಥವಾಗದ ವಾದವಾಗಿತ್ತು. ಬೇಡ ಎನ್ನುತ್ತಿದ್ದವರು ನಿರ್ದಯಿಗಳೇನೂ ಆಗಿರಲಿಲ್ಲ. ಟಿಬಿ ಎಂದರೇ ತಟ್ಟೆ ಲೋಟ ಬೇರೆ ಇಡುವ ಮನೆಗಳು ಬೇಕಾದಷ್ಟಿದ್ದವು. ಅದರ ಮೇಲೆ ಎಚ್‌ಐವಿಯ ಹೆಸರೂ ಅಂಟಿಕೊಂಡರೆ ಜನ ಟಿಬಿ ಕೇಂದ್ರದತ್ತ ತಲೆಯನ್ನೇ ಹಾಕುವುದಿಲ್ಲ ಎಂಬ ಭಯ ಅವರದು. ಪಾಸಿಟಿವ್ ಎಂದು ಹೇಳಿದ ಮೇಲೆ ಕೈಗೆ ಕೊಡಲು ಔಷಧಿಯೂ ಇರಲಿಲ್ಲ. 2004ರ ಏಪ್ರಿಲ್‌ನಲ್ಲಿ ಸರ್ಕಾರ ಎಚ್‌ಐವಿಯನ್ನು ಹತ್ತಿಕ್ಕುವ ಔಷಧಿ ಚಿಕಿತ್ಸೆಯನ್ನು (ಎಆರ್‌ಟಿ) ಉಚಿತವಾಗಿ ಶುರು ಮಾಡಿದಾಗ ಈ ಎರಡನೆಯ ಕಾರಣದ ಬಲ ಕುಗ್ಗಿತು. ಮೊದಲನೆಯದನ್ನು ರೋಗಿಗಳೇ ಸುಳ್ಳು ಮಾಡಿದರು. ಕೂರಿಸಿಕೊಂಡು, ಯಾಕೆ ಬೇಕು ಎಂದು ತಿಳಿಸಿ ಕೇಳಿದಲ್ಲೆಲ್ಲ ಬಹುತೇಕರು ರಕ್ತ ಕೊಡಲು ಒಪ್ಪಿದರು.

ಈಗ ಆ ವಾದ ಮುಗಿದಿದೆ. ಕ್ಷಯ ಪತ್ತೆಯಾದ ಪ್ರತಿಯೊಬ್ಬರಿಗೂ ಎಚ್‌ಐವಿ ಪರೀಕ್ಷೆ ಎಂಬುದು ದೇಶದ ನೀತಿ. ಭಾರತದ ಸಾರ್ವಜನಿಕ ಆರೋಗ್ಯ ಸೇವೆ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು ಎಂದು ನಾನು ನಂಬುತ್ತೇನೆ. ನನ್ನ ತಕರಾರು ಇರುವುದು ಈ ಕೆಲಸವನ್ನು ನಾವು ಅಳೆಯುವ ರೀತಿಯ ಬಗ್ಗೆ. ಎಷ್ಟು ಜನರ ಸ್ಥಿತಿ ಗೊತ್ತಾಯಿತು ಎಂದು ಲೆಕ್ಕ ಇಡುತ್ತೇವೆ. ಗೊತ್ತಾದವರಿಗೆ ಏನಾಯಿತು ಎಂಬ ಪ್ರಶ್ನೆಗೆ ಅಷ್ಟೇ ಗಟ್ಟಿಯಾದ ಲೆಕ್ಕ ಇಡುವುದಿಲ್ಲ.

ಎರಡೂ ರೋಗಗಳು ಒಂದರ ಬೆನ್ನಿಗೆ ಒಂದು ಬರುವುದಕ್ಕೆ ಕಾರಣ ಸರಳ. ಕ್ಷಯದ ಬ್ಯಾಕ್ಟೀರಿಯಾ ಒಳಗೆ ಸೇರಿದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಆರೋಗ್ಯವಂತರಲ್ಲಿ ಜೀವಮಾನವಿಡೀ ಸೇರಿಸಿದರೂ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಅದು ಎದ್ದು ಕೂರುತ್ತದೆ. ಎಚ್‌ಐವಿ ಇದ್ದು ಚಿಕಿತ್ಸೆ ಇಲ್ಲದವರಲ್ಲಿ ಹೆಚ್ಚುಕಡಿಮೆ ಅಷ್ಟೇ ಅಪಾಯ ಒಂದೇ ವರ್ಷದಲ್ಲಿ ಎದುರಾಗುತ್ತದೆ. ಅಂಥವರಲ್ಲಿ ಕ್ಷಯ ತನ್ನ ಗುರುತನ್ನೂ ಬಿಟ್ಟುಕೊಡುವುದಿಲ್ಲ. ಶ್ವಾಸಕೋಶದಲ್ಲಿ ಕುಳಿ ಬೀಳುವುದು ಕಡಿಮೆ, ಕಫದಲ್ಲಿ ರೋಗಾಣು ಕಡಿಮೆ, ಸೂಕ್ಷ್ಮದರ್ಶಕದಡಿ ಸ್ಲೈಡ್ ನೆಗೆಟಿವ್. ಹೀಗೆ ನೆಗೆಟಿವ್ ಚೀಟಿ ಹಿಡಿದು ಮನೆಗೆ ಹೋಗಿ ಸತ್ತವರು ಎಷ್ಟೋ ಮಂದಿ. ಕಫದಲ್ಲಿ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಯಂತ್ರ ಬಂದ ಮೇಲೆ ಈ ಕಷ್ಟ ಬಹಳಷ್ಟು ತಗ್ಗಿದೆ. ಆದರೆ ಯಾರ ಕಫವನ್ನು ಮೊದಲು ಆ ಯಂತ್ರಕ್ಕೆ ಹಾಕಬೇಕು ಎಂದು ತಿಳಿಯಲಿಕ್ಕೂ ಎಚ್‌ಐವಿ ಸ್ಥಿತಿ ಗೊತ್ತಿರಬೇಕು.

ಕರ್ನಾಟಕಕ್ಕೆ ಈ ಕಥೆಯಲ್ಲಿ ಮೊದಲಿನಿಂದಲೂ ಪಾಲಿದೆ. 2001ರಲ್ಲಿ ಕ್ಷಯ ಮತ್ತು ಎಚ್‌ಐವಿ ಕಾರ್ಯಕ್ರಮಗಳನ್ನು ಜೋಡಿಸಲು ಹೊರಟ ಆರು ರಾಜ್ಯಗಳಲ್ಲಿ ನಮ್ಮದೂ ಒಂದು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಎಚ್‌ಐವಿಯ ಹೊರೆ ಎಷ್ಟಿತ್ತೆಂದು ಆ ಭಾಗದ ವೈದ್ಯರಿಗೆ ಹೇಳಬೇಕಾಗಿರಲಿಲ್ಲ. 2006-07ರಲ್ಲಿ ದೇಶದ 15 ಜಿಲ್ಲೆಗಳಲ್ಲಿ ಕ್ಷಯರೋಗಿಗಳ ರಕ್ತ ಪರೀಕ್ಷಿಸಿ ನೋಡಿದಾಗ ಎಚ್‌ಐವಿ ಪ್ರಮಾಣ ಒಂದು ಜಿಲ್ಲೆಯಲ್ಲಿ ಶೇ 1, ಇನ್ನೊಂದರಲ್ಲಿ ಶೇ 14ರ ಹತ್ತಿರ ಇತ್ತು. ಇಷ್ಟು ಅಂತರವಿರುವಾಗ ದೇಶಕ್ಕೆಲ್ಲ ಒಂದು ಸರಾಸರಿ ಹೇಳಿ ಕೂರುವುದು ಮೋಸ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ರೋಗಿ ಕೇಳುವವರೆಗೆ ಕಾಯಬೇಡಿ, ಆರೋಗ್ಯ ಸಿಬ್ಬಂದಿಯೇ ಪರೀಕ್ಷೆಯ ಮಾತೆತ್ತಲಿ ಎಂದಿತು. ಮರುವರ್ಷ ಎಚ್‌ಐವಿ ಹೆಚ್ಚಿದ್ದ ಒಂಬತ್ತು ರಾಜ್ಯಗಳಲ್ಲಿ ತೀವ್ರ ಕಾರ್ಯಕ್ರಮ ಶುರುವಾಯಿತು, 2012ರ ಹೊತ್ತಿಗೆ ದೇಶವಿಡೀ ಹಬ್ಬಿತು.

ಫಲವೂ ಸಿಕ್ಕಿತು. 2012ರಲ್ಲಿ ನೋಂದಣಿಯಾದ ಕ್ಷಯರೋಗಿಗಳಲ್ಲಿ ಶೇ 56 ಮಂದಿಯ ಎಚ್‌ಐವಿ ಸ್ಥಿತಿ ಗೊತ್ತಿತ್ತು. ಇಂದು ಅದು ಹತ್ತರಲ್ಲಿ ಒಂಬತ್ತನ್ನು ದಾಟಿದೆ. ಜಗತ್ತಿನ ಸರಾಸರಿ 2023ರಲ್ಲಿ ಶೇ 80. ಪಾಸಿಟಿವ್ ಬರುವವರ ಪ್ರಮಾಣ ಶೇ 5ರ ಆಸುಪಾಸಿನಿಂದ ಶೇ 2ರ ಆಸುಪಾಸಿಗೆ ಇಳಿದಿದೆ. ಇದರಲ್ಲಿ ಎಆರ್‌ಟಿಯ ಪಾಲೂ ಇದೆ, ಎಚ್‌ಐವಿ ಕಡಿಮೆ ಇರುವ ರಾಜ್ಯಗಳಿಗೂ ಪರೀಕ್ಷೆ ಹಬ್ಬಿದ್ದರ ಪಾಲೂ ಇದೆ. ಶೇ 2 ಎಂಬ ಅಂಕಿ ನೋಡಿ, ಇಷ್ಟಕ್ಕೆ ಎಲ್ಲರ ರಕ್ತ ಯಾಕೆ ತೆಗೆಯಬೇಕು ಎಂದು ಕೇಳುವ ವೈದ್ಯರೂ ಇದ್ದಾರೆ. ದೇಶದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ 0.2. ಅಂದರೆ ಟಿಬಿ ಸಾಲಿನಲ್ಲಿ ನಿಂತವರಲ್ಲಿ ಅದು ಹತ್ತು ಪಟ್ಟು. ವರ್ಷಕ್ಕೆ ನೋಂದಣಿಯಾಗುವವರು ಸುಮಾರು 25 ಲಕ್ಷ; ಅದರಲ್ಲಿ ನೂರಕ್ಕೆ ಇಬ್ಬರೆಂದರೂ 50 ಸಾವಿರ ಜನ.

ಇನ್ನು ಈ ಪರೀಕ್ಷೆ ನಡೆಯುವ ಜಾಗವನ್ನು ಹತ್ತಿರದಿಂದ ನೋಡೋಣ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಕಿಟ್‌ಗೆ ಹಾಕುತ್ತಾರೆ. ಒಂದೇ ಗೆರೆ ಬಂದರೆ ಅಲ್ಲಿಗೆ ಮುಗಿಯಿತು. ಎರಡು ಬಂದರೆ ಅದು ‘ರಿಯಾಕ್ಟಿವ್’, ಇನ್ನೂ ಪಾಸಿಟಿವ್ ಅಲ್ಲ. ಖಚಿತ ಮಾಡಲು ಬೇರೆ ಬೇರೆ ಬಗೆಯ ಕಿಟ್‌ಗಳಲ್ಲಿ ಮತ್ತೆ ಪರೀಕ್ಷೆಯಾಗಬೇಕು. ಅದಕ್ಕೆ ತಾಲೂಕು ಆಸ್ಪತ್ರೆಯ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ (ಐಸಿಟಿಸಿ) ಹೋಗಬೇಕು. ಅಲ್ಲಿ ಖಚಿತವಾದರೆ ಎಆರ್‌ಟಿ ಕೇಂದ್ರ, ಅದು ಹಲವು ಕಡೆ ಜಿಲ್ಲಾ ಆಸ್ಪತ್ರೆಯಲ್ಲಿ. ಮೂರು ಊರು, ಮೂರು ಚೀಟಿ, ಮೂರು ದಿನದ ಕೂಲಿ. ಹೋಗಬೇಕಾದವರು ಜ್ವರದಲ್ಲಿ ಬೇಯುತ್ತಿರುವ, ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ಕ್ಷಯರೋಗಿಗಳು. ಬಸ್ಸಿಗೆ ಹತ್ತಿಸಲು ಜೊತೆಗೊಬ್ಬರು ಬೇಕು. ಜೊತೆಗೆ ಬಂದವರಿಗೆ ಯಾಕೆ ಹೋಗುತ್ತಿದ್ದೇವೆ ಎಂದು ಹೇಳುವುದು ಹೇಗೆ? ಎಷ್ಟೋ ಜನ ದಾರಿ ತಪ್ಪುವುದು ಇಲ್ಲಿಯೇ. ಕ್ಷಯರೋಗಿಗಳ ದಾಖಲೆ ಇಡುವ ನಿಕ್ಷಯ್ ತಂತ್ರಾಂಶದಲ್ಲಿ ಅವರ ಎಚ್‌ಐವಿ ಸ್ಥಿತಿ ‘ಗೊತ್ತಿದೆ’. ಜಿಲ್ಲೆಯ ಶೇಕಡಾವಾರು ಅಂಕಿಗೆ ಅವರೂ ಸೇರಿದ್ದಾರೆ.

ಈ ವಿಳಂಬವನ್ನು ಲಘುವಾಗಿ ಕಾಣುವಂತಿಲ್ಲ. ಕ್ಷಯದ ಚಿಕಿತ್ಸೆ ಮುಗಿಯಲಿ, ಆಮೇಲೆ ಎಆರ್‌ಟಿ ನೋಡೋಣ ಎಂಬುದು ಒಂದು ಕಾಲದ ರೂಢಿ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಸಲೀಂ ಅಬ್ದುಲ್ ಕರೀಂ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 2010ರಲ್ಲಿ ಆ ರೂಢಿಯನ್ನು ಮುರಿಯಿತು. ಎರಡೂ ಔಷಧಿಗಳನ್ನು ಜೊತೆಯಲ್ಲೇ ಪಡೆದವರಲ್ಲಿ ಸಾವು ಶೇ 56ರಷ್ಟು ಕಡಿಮೆಯಾಗಿತ್ತು. ಮಿದುಳು ಪೊರೆಯ ಕ್ಷಯವೊಂದನ್ನು ಬಿಟ್ಟರೆ, ಕ್ಷಯದ ಮಾತ್ರೆ ಶುರುವಾದ ಎರಡು ವಾರದೊಳಗೆ ಎಆರ್‌ಟಿ ಆರಂಭವಾಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸಲಹೆ. ಎರಡು ವಾರ! ಮೇಲೆ ಹೇಳಿದ ಮೂರು ಊರಿನ ಓಡಾಟಕ್ಕೇ ಅಷ್ಟು ದಿನ ಹಿಡಿಯಬಹುದು. ಔಷಧಿಗಳ ನಡುವಿನ ಜಗಳವೂ ಉಂಟು. ಕ್ಷಯದ ರಿಫಾಂಪಿಸಿನ್ ಎಚ್‌ಐವಿಯ ಡೊಲುಟೆಗ್ರಾವಿರ್ ಮಾತ್ರೆಯ ಪ್ರಭಾವವನ್ನು ಕುಂದಿಸುತ್ತದೆ, ಹಾಗಾಗಿ ದಿನಕ್ಕೆ ಒಂದರ ಬದಲು ಎರಡು ಕೊಡಬೇಕು. ಒಂದು ಕೇಂದ್ರದ ಸುದ್ದಿ ಇನ್ನೊಂದಕ್ಕೆ ತಿಳಿಯದಿದ್ದರೆ ಈ ಎರಡನೆಯ ಮಾತ್ರೆ ಬಿಟ್ಟುಹೋಗುತ್ತದೆ. ಎಚ್‌ಐವಿ ಇರುವವರಿಗೆ ಕ್ಷಯದ ಮಾತ್ರೆಯನ್ನೂ ಎಆರ್‌ಟಿ ಕೇಂದ್ರದಲ್ಲೇ, ಒಂದೇ ಕಿಟಕಿಯಲ್ಲಿ ಕೊಡುವ ವ್ಯವಸ್ಥೆ ತಂದದ್ದು ಸರಿಯಾದ ಹೆಜ್ಜೆ. ಆದರೆ ಆ ಕಿಟಕಿಯವರೆಗೆ ತಲುಪಿಸುವ ಹೊಣೆ ಯಾರದು? ಕಾಗದದ ಮೇಲೆ ಎಲ್ಲರದೂ. ದಿನಬೆಳಗಾದರೆ ಅದನ್ನು ಹೊರುವವರು ಟಿಬಿ ಕಾರ್ಯಕ್ರಮದ ಒಬ್ಬ ಮೇಲ್ವಿಚಾರಕ, ಐಸಿಟಿಸಿಯ ಒಬ್ಬ ಆಪ್ತಸಮಾಲೋಚಕಿ, ಊರಿನ ಆಶಾ. ಸ್ವಂತ ದುಡ್ಡಿನಲ್ಲಿ ರೋಗಿಯನ್ನು ಆಟೋ ಹತ್ತಿಸಿ ಕರೆದೊಯ್ದ ಇಂಥವರಿಂದಲೇ ಈ ಕಾರ್ಯಕ್ರಮ ನಿಂತಿದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಒಪ್ಪಿಗೆಯ ವಿಷಯಕ್ಕೆ ಬರುತ್ತೇನೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡಬಾರದು, ಫಲಿತಾಂಶವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಾರದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ನೂರಕ್ಕೆ ನೂರು ಗುರಿಯ ಒತ್ತಡದಲ್ಲಿ ಈ ಮಾತುಕತೆ ಸವೆಯುತ್ತಾ ಬಂದಿದೆ. “ಶುಗರ್, ರಕ್ತ ಎಲ್ಲಾ ಬರ್ದಿದೀನಿ, ಹೋಗಿ ಕೊಟ್ಟು ಬನ್ನಿ” ಎಂಬಲ್ಲಿ ಎಚ್‌ಐವಿಯೂ ಸೇರಿಹೋಗಿರುತ್ತದೆ. ಆ ‘ಎಲ್ಲಾ’ದೊಳಗೆ ಏನಿತ್ತು ಎಂದು ರಕ್ತ ಕೊಟ್ಟ ಹೆಂಗಸಿಗೆ ಗೊತ್ತಾಗುವುದು ಫಲಿತಾಂಶ ಕೆಟ್ಟದಾಗಿ ಬಂದ ದಿನ. ಎರಡು ನಿಮಿಷ ಕೊಟ್ಟು ವಿವರಿಸಿದ್ದರೆ ಅವಳು ಒಪ್ಪಿಯೇ ಒಪ್ಪುತ್ತಿದ್ದಳು. ಈಗ ಆಸ್ಪತ್ರೆಯ ಮೇಲೇ ನಂಬಿಕೆ ಹೋಗಿದೆ, ಆರು ತಿಂಗಳು ಮಾತ್ರೆ ನುಂಗಲು ಬೇಕಾದದ್ದು ಆ ನಂಬಿಕೆಯೇ. ಆಪ್ತಸಮಾಲೋಚನೆಯ ಕೋಣೆ ಉಗ್ರಾಣದ ಪಕ್ಕದಲ್ಲಿದ್ದು, ಬಾಗಿಲಿಗೆ ಪರದೆಯೊಂದೇ ಇದ್ದರೆ ಗೋಪ್ಯತೆಯ ಕಲಂ ಇದ್ದೂ ಉಪಯೋಗವಿಲ್ಲ.

ಖಾಸಗಿ ವಲಯದಲ್ಲಿ ಇನ್ನೊಂದು ವಿಪರೀತ. ಹರ್ನಿಯಾ ಶಸ್ತ್ರಚಿಕಿತ್ಸೆಗೆ ಹೋದವರ ಎಚ್‌ಐವಿ ಪರೀಕ್ಷೆ ಕೇಳದೆಯೇ ಆಗಿಬಿಡುತ್ತದೆ, ಅಲ್ಲಿ ಕಾಯುತ್ತಿರುವುದು ಆಸ್ಪತ್ರೆಯ ಸುರಕ್ಷತೆಯನ್ನು. ಪಾಸಿಟಿವ್ ಬಂದರೆ ದಿನಾಂಕ ಮುಂದೂಡಿ ಬೇರೆ ಕಡೆ ಹೋಗಿ ಎನ್ನುವ ರೂಢಿ ಕಾಯ್ದೆಗೆ ನೇರ ವಿರುದ್ಧ. ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ ಕ್ಷಯಕ್ಕೆ ಔಷಧಿ ಬರೆಸಿಕೊಂಡು ಹೋಗುವವರಿಗೆ, ಯಾರಿಗೆ ಪರೀಕ್ಷೆ ಜೀವ ಉಳಿಸಬಲ್ಲದೋ ಅವರಿಗೆ, ಕೇಳುವುದನ್ನೇ ಮರೆಯುತ್ತಾರೆ. ದೇಶದ ಕ್ಷಯರೋಗಿಗಳಲ್ಲಿ ದೊಡ್ಡ ಪಾಲು ಖಾಸಗಿ ವೈದ್ಯರ ಬಳಿ ಇರುವಾಗ ಇದನ್ನು ಸಣ್ಣ ಕೊರತೆ ಎನ್ನಲಾಗದು.

ಕೊನೆಯ ಆಕ್ಷೇಪ ಸಮಯದ್ದು. ಕ್ಷಯ ಖಚಿತವಾದ ಮೇಲೆ ರಕ್ತ ತೆಗೆಯುವುದು ಹಲವರ ಮಟ್ಟಿಗೆ ತಡವಾದ ಕೆಲಸ. ಇದನ್ನು ತೋರಿಸಿಕೊಟ್ಟ ಅಧ್ಯಯನಗಳಲ್ಲಿ ಒಂದು ನಮ್ಮ ಮಂಡ್ಯ ಜಿಲ್ಲೆಯದು. ಕೆಮ್ಮು ಎಂದು ಕಫ ಪರೀಕ್ಷೆಗೆ ಬಂದವರೆಲ್ಲರ ಎಚ್‌ಐವಿ ಸ್ಥಿತಿ ನೋಡಿದಾಗ, ಕ್ಷಯ ಇಲ್ಲ ಎಂದು ಮನೆಗೆ ಕಳಿಸಿದವರಲ್ಲೂ ಸೋಂಕು ಕಡಿಮೆಯೇನೂ ಇರಲಿಲ್ಲ. ಕಫದ ಫಲಿತಾಂಶಕ್ಕೆ ಕಾದು ಕೂತಿದ್ದರೆ ಅವರೆಲ್ಲ ಕೈತಪ್ಪಿ ಹೋಗುತ್ತಿದ್ದರು. ಇಂಥ ಸಾಕ್ಷ್ಯದ ಬಲದಿಂದಲೇ ಕ್ಷಯದ ಶಂಕೆ ಇರುವವರಿಗೂ ಪರೀಕ್ಷೆ ಎಂಬ ನಿರ್ಧಾರ ಬಂತು. ನನಗೆ ಇದು ಅರವತ್ತು ವರ್ಷ ಹಿಂದಿನ ಇನ್ನೊಂದು ಕೆಲಸದ ಮುಂದುವರಿಕೆಯಂತೆ ಕಾಣುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಆ್ಯಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರಿಗೆ ತಮ್ಮ ಕಾಯಿಲೆಯ ಅರಿವಿಲ್ಲ ಎಂದು ನಂಬಿದ್ದ ಕಾಲದಲ್ಲಿ, ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು, ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ವಾಪಸಾಗಿದ್ದರು ಎಂದು ಅವರು ಕಂಡುಕೊಂಡರು.

ಇಂದಿಗೂ ಜನ ಬರುತ್ತಾರೆ. ಕೆಮ್ಮು, ಸಣ್ಣ ಜ್ವರ, ಇಳಿದ ತೂಕದೊಂದಿಗೆ ಮೊದಲ ಸಲ ಹೊರರೋಗಿ ವಿಭಾಗದ ಮುಂದೆ ನಿಂತ ಆ ದಿನವೇ ಕಫ ಮತ್ತು ರಕ್ತ ಎರಡೂ ಹೋಗಬೇಕು. ರಿಯಾಕ್ಟಿವ್ ಬಂದರೆ ರೋಗಿಯನ್ನು ಓಡಾಡಿಸುವ ಬದಲು ರಕ್ತದ ಮಾದರಿ ತಾಲೂಕಿಗೆ ಹೋಗಬೇಕು. ರೋಗಿಯೇ ಹೋಗಬೇಕಾದಲ್ಲಿ ಬಸ್ಸಿನ ದುಡ್ಡು ಅವತ್ತೇ ಕೈಗೆ ಸಿಗಬೇಕು. ಜಿಲ್ಲಾ ಪರಿಶೀಲನಾ ಸಭೆಯಲ್ಲಿ ಎಷ್ಟು ಶೇಕಡಾ ಪರೀಕ್ಷೆಯಾಯಿತು ಎಂದು ಕೇಳುವ ಅಧಿಕಾರಿ, ಪಾಸಿಟಿವ್ ಬಂದವರು ಎಷ್ಟನೆಯ ದಿನ ಎಆರ್‌ಟಿ ಶುರು ಮಾಡಿದರು, ಅವರ ಗಂಡ, ಹೆಂಡತಿ, ಮಕ್ಕಳ ಪರೀಕ್ಷೆ ಆಯಿತೇ, ಆರು ತಿಂಗಳ ಕೊನೆಗೆ ಅವರಲ್ಲಿ ಎಷ್ಟು ಜನ ಬದುಕಿದ್ದಾರೆ ಎಂದೂ ಕೇಳಬೇಕು, ಪ್ರತಿ ತಿಂಗಳೂ.