‘ಸಾಬ್ವಾ’ ಶಬ್ದ ವಿಚಾರ

ಬರ್ಮಾ ಮತ್ತು ಶಾನ್ ಸೀಮೆಗಳ ಚರಿತ್ರೆಯನ್ನು ಓದುವವರಿಗೆ ಮೊದಲು ತೊಡಕಾಗುವುವು ಅಲ್ಲಿಯ ಅರಸರ ಬಿರುದುಗಳು. ಆಳುವವನು ಒಬ್ಬನೇ ಆದರೂ ಅವನನ್ನು ‘ರಾಜ’ನೆಂದೋ ‘ಸಾಮಂತ’ನೆಂದೋ ಬರಿಯ ‘ನಾಯಕ’ನೆಂದೋ ಭಾಷಾಂತರಿಸುವುದುಂಟು. ಇದು ಮಾತಿನ ಸೊಗಸಿಗೆ ಸಂಬಂಧಿಸಿದ ವಿಷಯವಲ್ಲ. ಅಧಿಕಾರವು ಯಾರಿಂದ ಬಂದಿತೆಂಬುದನ್ನು ಈ ಪದಗಳು ವಿಚಾರಕ್ಕೆ ಮೊದಲೇ ತೀರ್ಮಾನಿಸಿಬಿಡುವುವು.

ಶಾನ್ ಭಾಷೆಯಲ್ಲಿ ಅರಸನಿಗೆ ‘ಸಾವ್‌ಫಾ’ ಎಂದು ಹೆಸರು; ‘ಸಾವ್’ ಎಂದರೆ ಒಡೆಯ, ‘ಫಾ’ ಎಂದರೆ ಆಕಾಶ. ಬರ್ಮೀಯರ ಬಾಯಲ್ಲಿ ಇದು ‘ಸಾಬ್ವಾ’ ಆಯಿತು. ಆಂಗ್ಲರು ಈ ರೂಪವನ್ನೇ ಎತ್ತಿಕೊಂಡರು. ಅಸ್ಸಾಮಿನ ಆಹೋಮ್ ಅರಸರ ‘ಚಾವ್‌ಫಾ’ ಎಂಬುದೂ ಇದೇ ಪದವು. ಅಲ್ಲಿ ಅದಕ್ಕೆ ‘ಸ್ವರ್ಗದೇವ’ ಎಂಬ ಪರ್ಯಾಯವು ರೂಢಿಗೆ ಬಂದಿತು. ಸಯಾಮಿನಲ್ಲಿಯಾದರೋ ಅದು ಉಚ್ಚಕುಲದ ರಾಣಿಯರಲ್ಲಿ ಹುಟ್ಟಿದ ರಾಜಸಂತಾನಕ್ಕೆ ಸಲ್ಲುವ ಪದವಿ. ಶಬ್ದವೊಂದೇ ಆದರೂ ಸ್ಥಾನವು ಬೇರೆಯಾದುದರಿಂದ, ವ್ಯುತ್ಪತ್ತಿಯೊಂದನ್ನೇ ನಂಬಿ ಬಿರುದಿನ ಅರ್ಥವನ್ನು ನಿಶ್ಚಯಿಸಲಾಗದು.

ಬರ್ಮೀಯರ ‘ಮ್ಯೋಸಾ’ ಎಂಬ ಬಿರುದು ಬೇರೆ ಬಗೆಯದು. ‘ಮ್ಯೋ’ ಎಂದರೆ ಊರು, ‘ಸಾ’ ಎಂದರೆ ತಿನ್ನು. ಇದರಲ್ಲಿ ಪ್ರಜಾಪೀಡನೆಯ ಗುರುತನ್ನು ಕಾಣಹೊರಡುವುದು ಸರಿಯಲ್ಲ. ನಮ್ಮ ‘ಉಂಬಳಿ’ಯಲ್ಲಿಯೂ ‘ಉಣ್’ ಧಾತುವೇ ಇರುವುದಷ್ಟೆ. ಊರಿನ ಆದಾಯವನ್ನು ಅನುಭವಿಸುವವನೆಂಬುದೇ ಅಲ್ಲಿಯ ಭಾವ. ಮಿಂಡೋನ್ (1853–1878), ತೀಬಾ (1878–1885) ಎಂಬ ದೊರೆಗಳ ಹೆಸರುಗಳೂ ಊರುಗಳ ಹೆಸರುಗಳೇ. ‘ತೀಬಾ’ ಎಂಬುದು ಶಾನ್ ಪಟ್ಟಣವಾದ ಸೀಪಾ ಎಂಬುದರ ಬರ್ಮೀ ರೂಪ. ಆ ಪಟ್ಟಣಕ್ಕಾದರೋ ತನ್ನದೇ ಸಾವ್‌ಫಾ ವಂಶವಿದ್ದಿತು. ‘ಮ್ಯೋಸಾ’ ಎಂಬುದು ಸಿಂಹಾಸನದ ಕಡೆಯಿಂದ ನೋಡಿ ಕೊಟ್ಟ ಹೆಸರು. ‘ಸಾವ್‌ಫಾ’ ಎಂಬುದು ಆ ನೆಲದಲ್ಲಿಯೇ ಹುಟ್ಟಿದುದು.

ಶಾನ್ ಪ್ರಭುಗಳಲ್ಲಿ ಸಾಬ್ವಾ, ಮ್ಯೋಸಾ, ಬೆಳ್ಳಿಯ ಕಂದಾಯದ ಅಧಿಕಾರಿಯಾದ ಙ್ವೇಗುನ್‌ಹ್ಮು ಎಂಬ ಮೂರು ತರಗತಿಗಳಿದ್ದುವು. ಆಂಗ್ಲರು ಈ ತರಗತಿಗಳನ್ನು ಉಳಿಸಿಕೊಂಡರೂ, ಎಲ್ಲರನ್ನೂ ‘ಚೀಫ್’ ಎಂಬ ಒಂದೇ ಮಾತಿನಲ್ಲಿ ಅಡಗಿಸಿದರು. ಆಕಾಶದೊಡೆಯನೂ ಕಂದಾಯದವನೂ ಇದರಿಂದ ಸಮಾನರಾದರು.

‘ಸಾಮಂತ’ ಎಂಬುದು ಸುಳ್ಳೆನ್ನುವಂತಿಲ್ಲ. ಹದಿನಾರನೆಯ ಶತಮಾನದಲ್ಲಿ ಬಯಿನ್ನೌಂಗನು (1551–1581) ಶಾನ್ ಸೀಮೆಗಳನ್ನು ಗೆದ್ದು, ಅಲ್ಲಿಯ ರಾಜಪುತ್ರರನ್ನು ತನ್ನ ಆಸ್ಥಾನದಲ್ಲಿರಿಸಿಕೊಂಡನು. ಕಪ್ಪಕಾಣಿಕೆಗಳೂ ಸಲ್ಲುತ್ತಿದ್ದುವು. ಆದರೆ ಆ ಮಾತು ಸಂಬಂಧದ ಒಂದು ಮುಖವನ್ನು ಮಾತ್ರ ತೋರಿಸುವುದು. 1947ರ ಪಾಂಗ್ಲೌಂಗ್ ಒಪ್ಪಂದಕ್ಕೆ ಸಾವ್‌ಫಾಗಳು ಸಹಿಮಾಡಿದರು. ಯೌಂಗ್‌ಹ್ವೇಯ ಸಾವ್‌ಫಾ ಸಾವ್ ಶ್ವೇ ಥೈಕನು 1948ರಲ್ಲಿ ಸ್ವತಂತ್ರ ಬರ್ಮಾದ ಮೊದಲನೆಯ ಅಧ್ಯಕ್ಷನಾದನು. 1959ರಲ್ಲಿ ಸಾವ್‌ಫಾಗಳು ತಮ್ಮ ವಂಶಪಾರಂಪರ್ಯದ ಅಧಿಕಾರಗಳನ್ನು ವಿಧಿವತ್ತಾಗಿ ಬಿಟ್ಟುಕೊಟ್ಟರು. ಉಂಬಳಿಯನ್ನು ಕೊಟ್ಟವನು ಹಿಂದಕ್ಕೆ ತೆಗೆದುಕೊಳ್ಳಬಹುದು. ಸ್ವಂತದ್ದನ್ನಾದರೋ ಉಳ್ಳವನೇ ಬಿಟ್ಟುಕೊಡಬೇಕಾಗುವುದು. ಈ ಭೇದವು ‘ಚೀಫ್’ ಎಂಬ ಪದದಿಂದ ತಿಳಿಯಲಾರದು.

ಆದಕಾರಣ ಪಾಠಗಳಲ್ಲಿಯೂ ಭಾಷಾಂತರಗಳಲ್ಲಿಯೂ ಮೂಲದ ಬಿರುದನ್ನೇ ಉಳಿಸಿ, ಅದನ್ನು ಕೊಟ್ಟವರಾರು, ಧರಿಸಿದವರಾರು ಎಂಬುದನ್ನು ಪಕ್ಕದಲ್ಲಿ ತಿಳಿಸುವುದು ಯುಕ್ತವೆಂದು ತೋರುವುದು.